ಫರ್ಗ್ಯುಸನ್: ಒಂದು ಊರಿನ ಗಡಿ, ಜನ ಮತ್ತು ಜಮಾಖರ್ಚು

ಇವತ್ತಿನ ಸಂಚಿಕೆ ಒಂದು ಸಣ್ಣ ಊರಿನ ಬಗ್ಗೆ. ಹೆಸರು ಫರ್ಗ್ಯುಸನ್. ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಸೇಂಟ್ ಲೂಯಿಸ್ ಮಹಾನಗರದ ಹೊರವಲಯದಲ್ಲಿದೆ. 2014ರ ಆಗಸ್ಟ್ 9ರಂದು ಅಲ್ಲಿ ಮೈಕಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಯುವಕ ಪೊಲೀಸ್ ಗುಂಡಿಗೆ ಬಲಿಯಾದ. ಅದಾದ ಮೇಲೆ ತಿಂಗಳುಗಟ್ಟಲೆ ಪ್ರತಿಭಟನೆ ನಡೀತು. ಆ ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ನಾನು ಇವತ್ತು ಹೇಳೋಕೆ ಹೊರಟಿರೋದು ಆ ಸುದ್ದಿಯ ಹಿಂದಿದ್ದ ಊರಿನ ಕಥೆ. ಅದು ಎಲ್ಲಿದೆ, ಎಷ್ಟು ದೊಡ್ಡದು, ಯಾರು ವಾಸ ಮಾಡ್ತಾರೆ, ಊರು ನಡೆಸೋ ಖರ್ಚಿಗೆ ದುಡ್ಡು ಎಲ್ಲಿಂದ ಬರ್ತಿತ್ತು. ನಾನು ಓದಿದ್ದು ಬಿಕಾಂ. ಯಾವ ಊರಿನ ವಿಷಯ ಬಂದರೂ ಮೊದಲು ಅದರ ಬಜೆಟ್ ಹುಡುಕೋ ಅಭ್ಯಾಸ. ಫರ್ಗ್ಯುಸನ್ ವಿಷಯದಲ್ಲಂತೂ ನಕ್ಷೆ ಮತ್ತು ಬಜೆಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಅಲ್ಲಿ ಏನಾಯ್ತು ಅನ್ನೋದು ತಿಳಿಯುತ್ತೆ.

ಮೊದಲು ನಕ್ಷೆ. ಫರ್ಗ್ಯುಸನ್ ವಿಸ್ತೀರ್ಣ ಸುಮಾರು 16 ಚದರ ಕಿಲೋಮೀಟರ್. ಅಂದ್ರೆ ಹೆಚ್ಚುಕಮ್ಮಿ ನಾಲ್ಕು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲ. 1855ರಲ್ಲಿ ವಿಲಿಯಂ ಫರ್ಗ್ಯುಸನ್ ಎಂಬ ಜಮೀನುದಾರ ರೈಲು ಕಂಪನಿಗೆ ಜಾಗ ಬಿಟ್ಟುಕೊಟ್ಟ. ಅದಕ್ಕೆ ಬದಲಾಗಿ ಅಲ್ಲೊಂದು ಸ್ಟೇಷನ್ ಬಂತು, ಸ್ಟೇಷನ್ ಸುತ್ತ ಊರು ಬೆಳೀತು. 1894ರಲ್ಲಿ ಅಧಿಕೃತವಾಗಿ ಪಟ್ಟಣವಾಯ್ತು. ಈಗಲೂ ರೈಲು ಹಳಿಯ ಆಸುಪಾಸಿನಲ್ಲಿ ಹಳೇ ಕಾಲದ ಮನೆಗಳು, ಮರಗಳಿರೋ ಬೀದಿಗಳು ಇವೆ. ಊರಿನ ಆಗ್ನೇಯ ಮೂಲೆಗೆ ಹೋದರೆ ಬೇರೇನೇ ಚಿತ್ರ: ಸಾಲು ಸಾಲು ಬಾಡಿಗೆ ಅಪಾರ್ಟ್‌ಮೆಂಟ್‌ಗಳು. ಮೈಕಲ್ ಬ್ರೌನ್ ಸತ್ತ ಕ್ಯಾನ್‌ಫೀಲ್ಡ್ ಡ್ರೈವ್ ಇರೋದು ಆ ಮೂಲೆಯಲ್ಲಿ.

ಈಗ ನಕ್ಷೆಯನ್ನ ಸ್ವಲ್ಪ ದೂರ ಹಿಡಿದು ನೋಡಿ. ಫರ್ಗ್ಯುಸನ್ ಸುತ್ತ ಇಂಥದ್ದೇ ಇನ್ನೂ ಹತ್ತಾರು ಪುಟ್ಟ ಊರುಗಳು ಕಾಣ್ತವೆ. 1876ರಲ್ಲಿ ಸೇಂಟ್ ಲೂಯಿಸ್ ನಗರದವರು ತಮ್ಮನ್ನು ಕೌಂಟಿಯಿಂದ ಬೇರ್ಪಡಿಸಿಕೊಂಡರು. ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಥರ ಅಂದ್ಕೊಳ್ಳಿ. ನಗರದ ಗಡಿ ಅವತ್ತೇ ನಿಂತುಬಿಡ್ತು. ಮುಂದೆ ಜನ ಹೊರವಲಯಕ್ಕೆ ಹೋದಂತೆ ನಗರ ಆ ಜಾಗಗಳನ್ನ ಸೇರಿಸಿಕೊಳ್ಳೋಕೆ ಆಗಲಿಲ್ಲ. ಪ್ರತಿ ಬಡಾವಣೆಯೂ ತನ್ನದೇ ಮುನಿಸಿಪಾಲಿಟಿ ಮಾಡ್ಕೊಂಡಿತು. 2014ರ ಹೊತ್ತಿಗೆ ಸುಮಾರು 10 ಲಕ್ಷ ಜನ ಇರೋ ಸೇಂಟ್ ಲೂಯಿಸ್ ಕೌಂಟಿಯಲ್ಲಿ 90 ಮುನಿಸಿಪಾಲಿಟಿಗಳು, 81 ಮುನಿಸಿಪಲ್ ಕೋರ್ಟ್‌ಗಳು! ಕೆಲವು ಊರುಗಳಲ್ಲಿ ಸಾವಿರ ಜನಾನೂ ಇರಲಿಲ್ಲ.

ಇಷ್ಟು ಗಡಿಗಳು ಯಾಕೆ? ಯಾರು ಒಳಗಿರಬೇಕು, ಯಾರು ಹೊರಗಿರಬೇಕು ಅಂತ ತೀರ್ಮಾನಿಸೋ ಅಧಿಕಾರ ಕೂಡ ಗಡಿಯ ಜೊತೆಗೇ ಬರ್ತಿತ್ತು. ಫರ್ಗ್ಯುಸನ್ ಪಕ್ಕದಲ್ಲೇ ಕಿನ್‌ಲಾಕ್ ಅಂತ ಕಪ್ಪು ಜನರ ಊರಿತ್ತು. ಎರಡು ಊರುಗಳ ನಡುವಿನ ಮುಖ್ಯ ರಸ್ತೆಗೆ 1960ರ ದಶಕದ ಕೊನೆಯವರೆಗೂ ತಡೆ ಹಾಕಿದ್ದರು. ಕೆಲಸಕ್ಕೆ ಬರಬಹುದು, ವಾಸಕ್ಕೆ ಬರಬಾರದು ಅನ್ನೋದು ಅದರ ಅರ್ಥ. ಆಮೇಲೆ ಪಕ್ಕದ ವಿಮಾನ ನಿಲ್ದಾಣಕ್ಕಾಗಿ ಕಿನ್‌ಲಾಕ್‌ನ ಮನೆಗಳನ್ನ ಕೊಂಡು ಕೆಡವಲಾಯ್ತು. 1980ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಇದ್ದ ಊರಲ್ಲಿ 2010ರ ಜನಗಣತಿ ವೇಳೆಗೆ ಉಳಿದವರು 298. ಅಲ್ಲಿಂದ ಹೊರಟ ಎಷ್ಟೋ ಕುಟುಂಬಗಳು ಫರ್ಗ್ಯುಸನ್‌ಗೆ ಬಂದವು.

ಇನ್ನು ಜನಸಂಖ್ಯೆ. 1990ರಲ್ಲಿ ಫರ್ಗ್ಯುಸನ್‌ನಲ್ಲಿ 22,286 ಜನ. ಅದರಲ್ಲಿ ಕಪ್ಪು ಜನರ ಪಾಲು ಶೇ 25. 2000ದಲ್ಲಿ ಶೇ 52. 2010ರಲ್ಲಿ ಒಟ್ಟು 21,203 ಜನ, ಕಪ್ಪು ಜನರ ಪಾಲು ಶೇ 67. ಒಟ್ಟು ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇದೆ, ಒಳಗಿರೋ ಜನ ಮಾತ್ರ 20 ವರ್ಷದಲ್ಲಿ ಬದಲಾಗಿದ್ದಾರೆ. ಬಿಳಿಯರು ಇನ್ನೂ ದೂರದ ಊರುಗಳಿಗೆ ಹೋದರು. ಆದರೆ ಊರಿನ ಆಡಳಿತ ಅಷ್ಟು ಬೇಗ ಬದಲಾಗಲಿಲ್ಲ. 2014ರಲ್ಲಿ ಮೇಯರ್ ಬಿಳಿಯರು, ಆರು ಜನರ ಕೌನ್ಸಿಲ್‌ನಲ್ಲಿ ಕಪ್ಪು ಸದಸ್ಯರು ಒಬ್ಬರೇ. ಪೊಲೀಸ್ ಇಲಾಖೆಯ 54 ಅಧಿಕಾರಿಗಳಲ್ಲಿ ಕಪ್ಪು ಜನ ನಾಲ್ಕೇ ನಾಲ್ಕು.

ಈಗ ಬಜೆಟ್‌ಗೆ ಬರೋಣ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ.

ಒಂದು ಊರು ತನ್ನದೇ ಪೊಲೀಸ್, ಕೋರ್ಟ್, ಅಗ್ನಿಶಾಮಕ ದಳ ಇಟ್ಟುಕೊಂಡರೆ ಸಂಬಳ ಕೊಡಲೇಬೇಕು. ಊರು ಚಿಕ್ಕದು ಅಂತ ಖರ್ಚು ಅದೇ ಪ್ರಮಾಣದಲ್ಲಿ ಕಡಿಮೆ ಆಗಲ್ಲ. ಆದಾಯದ ದಾರಿಗಳು ಮುಖ್ಯವಾಗಿ ಮೂರು: ಆಸ್ತಿ ತೆರಿಗೆ, ಮಾರಾಟ ತೆರಿಗೆ, ದಂಡ ಮತ್ತು ಶುಲ್ಕ. ಮನೆಗಳು ಚಿಕ್ಕವು, ಬೆಲೆ ಕಡಿಮೆ ಅಂದ್ರೆ ಆಸ್ತಿ ತೆರಿಗೆ ಕಡಿಮೆ. ವ್ಯಾಪಾರ ಬಿದ್ದರೆ ಮಾರಾಟ ತೆರಿಗೆ ಕಡಿಮೆ. ಆಮೇಲೆ ಉಳಿಯೋದು ಮೂರನೇದು.

2010ರಲ್ಲಿ ಫರ್ಗ್ಯುಸನ್‌ನ ಹಣಕಾಸು ನಿರ್ದೇಶಕರು ಪೊಲೀಸ್ ಮುಖ್ಯಸ್ಥರಿಗೆ ಒಂದು ಇಮೇಲ್ ಬರೆದರು. ಮಾರಾಟ ತೆರಿಗೆ ಖೋತಾ ಆಗ್ತಿದೆ, ಟಿಕೆಟ್ ಬರೆಯೋದು ಚೆನ್ನಾಗಿ ಹೆಚ್ಚದಿದ್ದರೆ ಮುಂದಿನ ವರ್ಷ ವಸೂಲಿ ಏರಿಸೋದು ಕಷ್ಟ ಅನ್ನೋದು ಅದರ ಸಾರಾಂಶ. ಟಿಕೆಟ್ ಅಂದ್ರೆ ನಮ್ಮಲ್ಲಿ ಹೇಳೋ ಚಲನ್. ಆ ವರ್ಷ ಸಾಮಾನ್ಯ ನಿಧಿಯ 1.1 ಕೋಟಿ ಡಾಲರ್ ಆದಾಯದಲ್ಲಿ ದಂಡ-ಶುಲ್ಕದ ಪಾಲು ಸುಮಾರು 13.8 ಲಕ್ಷ, ಅಂದ್ರೆ ಎಂಟರಲ್ಲಿ ಒಂದು ಪಾಲು. 2015ರ ಬಜೆಟ್‌ನಲ್ಲಿ 1.33 ಕೋಟಿ ಡಾಲರ್‌ಗೆ 30.9 ಲಕ್ಷ ದಂಡದಿಂದ ಬರಬೇಕು ಅಂತ ಅಂದಾಜಿಸಿದ್ದರು. ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಪಾಲು! ಯೋಚನೆ ಮಾಡಿ, ತಪ್ಪು ನಡೆಯೋದಕ್ಕೆ ಮುಂಚೇನೇ ಅದರ ದಂಡ ಬಜೆಟ್‌ನ ಆದಾಯದ ಕಡೆ ಕೂತಿದೆ.

ಈ ಅಂಕಿಗಳೆಲ್ಲ ಅಮೆರಿಕದ ನ್ಯಾಯ ಇಲಾಖೆ 2015ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿವೆ. ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವಷ್ಟು ಸಾಕ್ಷ್ಯ ಇಲ್ಲ ಅಂತ ಅದೇ ಇಲಾಖೆ ಅದೇ ದಿನ ಇನ್ನೊಂದು ವರದಿಯಲ್ಲಿ ಹೇಳಿತ್ತು. ಆದರೆ ಊರಿನ ಪೊಲೀಸ್ ಮತ್ತು ಕೋರ್ಟ್ ಬಗ್ಗೆ ಅದು ಹೇಳಿದ್ದು ಗಂಭೀರವಾಗಿತ್ತು. 2012ರಿಂದ 2014ರವರೆಗೆ ಪೊಲೀಸರು ನಿಲ್ಲಿಸಿದ ವಾಹನಗಳಲ್ಲಿ ಶೇ 85 ಕಪ್ಪು ಜನರದ್ದು. ಬಂಧನಗಳಲ್ಲಿ ಅವರ ಪಾಲು ಶೇ 93. ರಸ್ತೆ ಮಧ್ಯೆ ನಡೆದುಕೊಂಡು ಹೋಗೋದಕ್ಕೂ ಅಲ್ಲೊಂದು ಕೇಸಿತ್ತು. ಅದನ್ನ ಹಾಕಿಸಿಕೊಂಡವರಲ್ಲಿ ಶೇ 95 ಕಪ್ಪು ಜನ. ಮೈಕಲ್ ಬ್ರೌನ್‌ನನ್ನ ಮೊದಲು ನಿಲ್ಲಿಸಿದ್ದೂ ರಸ್ತೆ ಮಧ್ಯೆ ನಡೀತಿದ್ದ ಅಂತಾನೇ.

ವರದಿಯಲ್ಲಿ ಹೆಸರಿಲ್ಲದ ಒಬ್ಬ ಮಹಿಳೆಯ ಪ್ರಕರಣ ಇದೆ. 2007ರಲ್ಲಿ ಒಂದು ಸಲ ಕಾರನ್ನ ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ 151 ಡಾಲರ್ ದಂಡ, ಜೊತೆಗೆ ಶುಲ್ಕ. ಕಟ್ಟೋಕೆ ಕಷ್ಟವಿತ್ತು. ಕಂತು ತಪ್ಪಿದಾಗ, ಕೋರ್ಟ್ ತಾರೀಖು ತಪ್ಪಿದಾಗ ಮತ್ತೆ ಶುಲ್ಕ, ವಾರಂಟ್. ಏಳು ವರ್ಷದಲ್ಲಿ ಎರಡು ಸಲ ಬಂಧನ, ಆರು ದಿನ ಜೈಲು. 550 ಡಾಲರ್ ಕಟ್ಟಿದ ಮೇಲೂ 2014ರ ಡಿಸೆಂಬರ್‌ನಲ್ಲಿ ಬಾಕಿ ಇದ್ದದ್ದು 541 ಡಾಲರ್. ಬಡ್ಡಿ ವ್ಯಾಪಾರಿಯ ಪುಸ್ತಕ ಅಲ್ಲ ಇದು, ಕೋರ್ಟಿನ ಲೆಕ್ಕ. ಆ ಹೊತ್ತಿಗೆ 16 ಸಾವಿರಕ್ಕೂ ಹೆಚ್ಚು ಜನರ ಮೇಲೆ ಆ ಕೋರ್ಟಿನ ವಾರಂಟ್ ಬಾಕಿ ಇತ್ತು. ಎಲ್ಲರೂ ಅದೇ ಊರಿನವರಲ್ಲ, ನಿಜ. ಆದರೂ 21 ಸಾವಿರ ಜನರ ಊರಿನ ಕೋರ್ಟಿಗೆ ಇದು ಎಷ್ಟು ದೊಡ್ಡ ಸಂಖ್ಯೆ ನೋಡಿ.

ಆಮೇಲೆ ಏನಾಯ್ತು? 2015ರಲ್ಲಿ ಮಿಸೌರಿ ರಾಜ್ಯ ಒಂದು ಕಾನೂನು ತಂದಿತು. ಸಣ್ಣಪುಟ್ಟ ಟ್ರಾಫಿಕ್ ದಂಡದಿಂದ ಬರೋ ಹಣ ಊರಿನ ಸಾಮಾನ್ಯ ಆದಾಯದ ಶೇ 20 ಮೀರಬಾರದು, ಸೇಂಟ್ ಲೂಯಿಸ್ ಕೌಂಟಿಯಲ್ಲಿ ಶೇ 12.5 ಮೀರಬಾರದು ಅಂತ. ಒಂದೇ ಕೌಂಟಿಗೆ ಬೇರೆ ಮಿತಿ ಸಲ್ಲದು ಅಂತ ರಾಜ್ಯದ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದರಿಂದ ಎಲ್ಲರಿಗೂ ಶೇ 20 ಆಯ್ತು. 2016ರಲ್ಲಿ ಫರ್ಗ್ಯುಸನ್ ನ್ಯಾಯ ಇಲಾಖೆ ಜೊತೆ ಸುಧಾರಣಾ ಒಪ್ಪಂದಕ್ಕೆ ಸಹಿ ಹಾಕಿತು. ಅಲ್ಲೂ ಮೊದಲು ಎದ್ದ ತಕರಾರು, ಅದರ ಖರ್ಚು ಯಾರು ಭರಿಸೋದು ಅನ್ನೋದೇ. 2020ರಲ್ಲಿ ಎಲ್ಲಾ ಜೋನ್ಸ್ ಅಲ್ಲಿನ ಮೊದಲ ಕಪ್ಪು ಮೇಯರ್ ಆದರು. ದಂಡ ಕಟ್ಟಲಾಗದೆ ಜೈಲಿಗೆ ಹೋದವರು ಹಾಕಿದ್ದ ಕೇಸಿನಲ್ಲಿ 2024ರಲ್ಲಿ 45 ಲಕ್ಷ ಡಾಲರ್ ಕೊಡೋಕೆ ಊರು ಒಪ್ಪಿತು.

ಆದರೆ ನಕ್ಷೆ ಇನ್ನೂ ಹಾಗೇ ಇದೆ. 2020ರ ಜನಗಣತಿಯಲ್ಲಿ ಫರ್ಗ್ಯುಸನ್ ಜನಸಂಖ್ಯೆ 18,527ಕ್ಕೆ ಇಳಿದಿದೆ. ಅದೇ 16 ಚದರ ಕಿಲೋಮೀಟರ್, ಖರ್ಚು ಹೊರೋ ಜನ ಮಾತ್ರ ಕಡಿಮೆ. ಹಾಗಾಗಿ ಯಾವುದೇ ಊರಿನ ಪೊಲೀಸರು ಯಾಕೆ ಹೀಗೆ ಅಂತ ಕೇಳೋವಾಗ ಇನ್ನೊಂದು ಪ್ರಶ್ನೇನೂ ಕೇಳಿ: ಈ ಊರಿನ ಗಡಿ ಎಳೆದವರು ಯಾರು, ಒಳಗೆ ಉಳಿದವರು ಯಾರು, ಸಂಬಳದ ದುಡ್ಡು ಯಾರ ಜೇಬಿಂದ ಬರ್ತಿದೆ?

ಇವತ್ತಿಗೆ ಇಷ್ಟು.