ಆಟ ಸರಿಯಿದೆಯೇ? ಚಿತ್ರವೇ ಸಾಕ್ಷಿ

ಮಕ್ಕಳ ಪತ್ರಿಕೆಗಳಲ್ಲಿ ಅಕ್ಕಪಕ್ಕ ಅಚ್ಚಾಗಿರುವ ಎರಡು ಚಿತ್ರಗಳನ್ನು ನೀವು ನೋಡಿರುತ್ತೀರಿ. 'ಇವುಗಳಲ್ಲಿ ಆರು ವ್ಯತ್ಯಾಸಗಳಿವೆ, ಗುರುತಿಸಿ' ಎಂದು ಕೆಳಗೆ ಬರೆದಿರುತ್ತದೆ. ಒಂದರಲ್ಲಿ ಬೆಕ್ಕಿಗೆ ಮೀಸೆ ಇಲ್ಲ, ಇನ್ನೊಂದರಲ್ಲಿ ಅಜ್ಜನ ಕೊಡೆಗೆ ಹಿಡಿಕೆ ಇಲ್ಲ. ಹುಡುಕುವುದು ಖುಷಿಯ ಕೆಲಸವೇ. ಆದರೆ ಇಂಥ ಆರುನೂರು ಜೋಡಿಗಳನ್ನು ದಿನವೂ ನಿಮ್ಮ ಮುಂದಿಟ್ಟು, 'ವ್ಯತ್ಯಾಸ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ನೋಡಿ ಹೇಳಿ' ಎಂದರೆ? ವಿಡಿಯೊ ಆಟಗಳನ್ನು ಪರೀಕ್ಷಿಸುವವರ ಪಾಡು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಅದಕ್ಕೇ ಅವರು ಈ ಕೆಲಸದ ಒಂದು ಪಾಲನ್ನು ಗಣಕಕ್ಕೆ ಒಪ್ಪಿಸಿದ್ದಾರೆ. ಅದು ಹೇಗೆಂದು ನೋಡೋಣ.

ದೊಡ್ಡ ಆಟವೊಂದರಲ್ಲಿ ಹಲವು ಹಂತಗಳಿರುತ್ತವೆ. ಒಂದು ಹಂತ ಕೋಟೆಯಾದರೆ ಮತ್ತೊಂದು ಗುಹೆ, ಮಗದೊಂದು ಮರುಭೂಮಿ. ಇವೆಲ್ಲವನ್ನೂ ಪರದೆಯ ಮೇಲೆ ಮೂಡಿಸುವುದು ಮಾತ್ರ ಒಂದೇ ಕ್ರಮವಿಧಿ. ಹೀಗಾಗಿ ಕೋಟೆಯ ದೀಪ ಚೆನ್ನಾಗಿ ಕಾಣಲೆಂದು ಒಂದು ಸಾಲು ಬದಲಿಸಿದರೆ, ಯಾರೂ ಮುಟ್ಟದ ಗುಹೆ ಪೂರ್ತಿ ಕತ್ತಲಾಗಿಬಿಡಬಹುದು. ಪ್ರತಿ ಬದಲಾವಣೆಯ ನಂತರ ಎಲ್ಲ ಹಂತಗಳನ್ನೂ ಆಡಿ ನೋಡಲು ಮನುಷ್ಯನಿಗೆ ಪುರಸೊತ್ತಿಲ್ಲ. ಪುರಸೊತ್ತಿದ್ದರೂ ನೂರನೆಯ ಸಲ ಅದೇ ಗೋಡೆಯನ್ನು ನೋಡುವ ಕಣ್ಣು ದಣಿದಿರುತ್ತದೆ.

ಉಪಾಯ ಸರಳವಾದದ್ದು. ಆಟ ಸರಿಯಾಗಿದ್ದ ದಿನ ಪ್ರತಿ ಹಂತದ ಮುಖ್ಯ ಜಾಗಗಳಲ್ಲಿ ಚಿತ್ರ ತೆಗೆದು ಜೋಪಾನವಾಗಿಡುವುದು. ಇದು ಮಾದರಿ ಚಿತ್ರ. ಕ್ರಮವಿಧಿ ಬದಲಾದಾಗಲೆಲ್ಲ ಗಣಕವೇ ಅದೇ ಜಾಗಕ್ಕೆ ಹೋಗಿ ಹೊಸ ಚಿತ್ರ ತೆಗೆದು ಮಾದರಿಯೊಂದಿಗೆ ಹೋಲಿಸುವುದು. ಅನ್‌ರಿಯಲ್ ಎಂಜಿನ್‌ನಂಥ ಆಟ ತಯಾರಿಕೆಯ ಸಾಧನಗಳಲ್ಲಿ ಇದಕ್ಕೆಂದೇ ವ್ಯವಸ್ಥೆಯಿದೆ. ಹಂತದೊಳಗೆ ಕ್ಯಾಮೆರಾ ನೆಟ್ಟರೆ ಸಾಕು, ಮಾದರಿ ಚಿತ್ರ, ಹೊಸ ಚಿತ್ರ ಮತ್ತು ಅವೆರಡರ ವ್ಯತ್ಯಾಸ ಪರದೆಯ ಮೇಲೆ ಒಟ್ಟಿಗೆ ಬರುತ್ತವೆ.

ಮಾತಿಗೆ ಸರಳ, ಮಾಡಲು ಹೊರಟರೆ ತೊಡಕು. ಎರಡು ಚಿತ್ರಗಳನ್ನು ಹೋಲಿಸಬೇಕಾದರೆ ಅವನ್ನು ತೆಗೆದ ಸನ್ನಿವೇಶ ಒಂದೇ ಆಗಿರಬೇಕಲ್ಲವೇ? ಆಟದಲ್ಲಿ ಮೋಡ ಚಲಿಸುತ್ತದೆ, ಪಂಜು ಉರಿಯುತ್ತದೆ, ಶತ್ರು ಅತ್ತಿತ್ತ ಓಡಾಡುತ್ತಾನೆ. ಆದ್ದರಿಂದ ಚಿತ್ರ ತೆಗೆಯುವ ಮುನ್ನ ಕ್ಯಾಮೆರಾದ ಜಾಗ ಮತ್ತು ದಿಕ್ಕನ್ನು ಅಂಕಿಗಳಲ್ಲಿ ಗೊತ್ತುಪಡಿಸುತ್ತಾರೆ. ಆಟದ ಗಡಿಯಾರವನ್ನು ನಿಶ್ಚಿತ ಕ್ಷಣದಲ್ಲಿ ನಿಲ್ಲಿಸುತ್ತಾರೆ. ಯಾದೃಚ್ಛಿಕ ಸಂಖ್ಯೆಗಳು ಪ್ರತಿ ಸಲವೂ ಒಂದೇ ಅನುಕ್ರಮದಲ್ಲಿ ಬರುವಂತೆ ನೋಡಿಕೊಳ್ಳುತ್ತಾರೆ.

ಈ ಕಟ್ಟುನಿಟ್ಟಿಗೆ ಒಳ್ಳೆಯ ಉದಾಹರಣೆ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 1993ರ ಡಿಸೆಂಬರ್‌ನಲ್ಲಿ ಹೊರತಂದ 'ಡೂಮ್' ಆಟ. ಅದರಲ್ಲಿ ಅದೃಷ್ಟ ಎಂಬುದು 256 ಅಂಕಿಗಳ ಒಂದು ಪಟ್ಟಿ. ಆಟ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮತ್ತೆ ಮೊದಲಿಗೆ ಬರುತ್ತದೆ. ಕಾಲವೂ ಸೆಕೆಂಡಿಗೆ 35 ಸಮಾನ ಹೆಜ್ಜೆಗಳಲ್ಲಿ ಸಾಗುತ್ತದೆ. ಹೀಗಾಗಿ ಆಟಗಾರ ಒತ್ತಿದ ಗುಂಡಿಗಳನ್ನಷ್ಟೇ ಬರೆದಿಟ್ಟುಕೊಂಡರೆ ಇಡೀ ಆಟವನ್ನು ಮತ್ತೆ ಆಡಿಸಬಹುದು. ಪ್ರತಿ ಹೆಜ್ಜೆಗೆ ಬೇಕಾಗುವುದು 4 ಬೈಟ್, ಎಂದರೆ ಒಂದು ನಿಮಿಷದ ಆಟಕ್ಕೆ 8,400 ಬೈಟ್ ಮಾತ್ರ. ಅದೇ ನಿಮಿಷವನ್ನು ಚಿತ್ರಗಳಾಗಿ ಉಳಿಸುವುದಾದರೆ? ಡೂಮ್‌ನ ಪರದೆ 320 ಅಡ್ಡ, 200 ಉದ್ದ, ಒಟ್ಟು 64,000 ಚಿತ್ರಬಿಂದುಗಳು. ಬಿಂದುವಿಗೊಂದು ಬೈಟ್‌ನಂತೆ ಲೆಕ್ಕ ಹಾಕಿದರೆ ನಿಮಿಷಕ್ಕೆ 13 ಕೋಟಿ ಬೈಟ್ ದಾಟುತ್ತದೆ! ಆದ್ದರಿಂದ ಗುಂಡಿಗಳ ದಾಖಲೆಯಿಂದ ಆಟವನ್ನು ಬೇಕಾದ ಜಾಗಕ್ಕೆ ಕೊಂಡೊಯ್ದು, ಅಲ್ಲಿ ಮಾತ್ರ ಚಿತ್ರ ತೆಗೆಯುವುದು ಜಾಣತನ.

1997ರಲ್ಲಿ ಡೂಮ್‌ನ ಮೂಲ ಕ್ರಮವಿಧಿ ಸಾರ್ವಜನಿಕವಾಯಿತು. ಅದನ್ನು ಬೇರೆ ಬೇರೆ ಯಂತ್ರಗಳಿಗೆ ಅಳವಡಿಸಿದವರಿಗೆ ಹಳೆಯ ದಾಖಲೆಗಳೇ ಒರೆಗಲ್ಲಾದವು. ಲೆಕ್ಕದಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ ದಾಖಲೆಯ ಆಟಗಾರ ಬಾಗಿಲನ್ನು ಬಿಟ್ಟು ಗೋಡೆಗೆ ಹಾಯುತ್ತಾನೆ!

ಇನ್ನು ಹೋಲಿಕೆಯ ವಿಷಯ. ಗಣಕಕ್ಕೆ ಚಿತ್ರವೆಂದರೆ ಅಂಕಿಗಳ ರಾಶಿ. ಪ್ರತಿ ಬಿಂದುವಿನ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ 0ಯಿಂದ 255ರವರೆಗಿನ ಒಂದೊಂದು ಅಂಕಿ ಇರುತ್ತದೆ. ಒಂದು ಚಿತ್ರದ ಅಂಕಿಯಿಂದ ಇನ್ನೊಂದರ ಅಂಕಿಯನ್ನು ಕಳೆದರೆ ವ್ಯತ್ಯಾಸ ಸಿಗುತ್ತದೆ. ಸೊನ್ನೆ ಬಂದ ಕಡೆ ಕಪ್ಪು, ಉಳಿದ ಕಡೆ ಬೆಳಕು ತುಂಬಿದರೆ ತಪ್ಪಿನ ಜಾಗ ಎದ್ದು ಕಾಣುತ್ತದೆ. ಮಾದರಿಯನ್ನು ಜೆಪೆಗ್ ರೂಪದಲ್ಲಿ ಉಳಿಸಬಾರದು. ಅದು ಗಾತ್ರ ಕುಗ್ಗಿಸಲು ಬಿಂದುಗಳನ್ನೇ ತುಸು ಬದಲಿಸುತ್ತದೆ. ಪಿಎನ್‌ಜಿ ರೂಪದಲ್ಲಿ ಒಂದು ಅಂಕಿಯೂ ಕೆಡುವುದಿಲ್ಲ.

ಆದರೆ ಬೇರೆ ಬೇರೆ ಗ್ರಾಫಿಕ್ಸ್ ಕಾರ್ಡುಗಳು ದಶಾಂಶಗಳನ್ನು ಒಂದೇ ರೀತಿ ಲೆಕ್ಕ ಹಾಕುವುದಿಲ್ಲ. ಒಂದರಲ್ಲಿ 120 ಬಂದದ್ದು ಇನ್ನೊಂದರಲ್ಲಿ 121 ಆಗಬಹುದು. ಇಷ್ಟಕ್ಕೆಲ್ಲ ಗಣಕ ಬೊಬ್ಬೆ ಹಾಕಿದರೆ 'ಹುಲಿ ಬಂತು ಹುಲಿ' ಕಥೆಯಾಗುತ್ತದೆ. ನಿಜವಾದ ಹುಲಿ ಬಂದಾಗ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕಾಗಿ ಸ್ವಲ್ಪ ರಿಯಾಯಿತಿ ಇಡುತ್ತಾರೆ.

ರಿಯಾಯಿತಿ ಎಷ್ಟಿರಬೇಕು? ನೀವೇ ಲೆಕ್ಕ ಹಾಕಿ. ಪರದೆ 1920 ಅಡ್ಡ, 1080 ಉದ್ದ, ಅಂದರೆ 20,73,600 ಬಿಂದುಗಳು. ಇವುಗಳಲ್ಲಿ ಸಾವಿರಕ್ಕೆ ಒಂದು ಬದಲಾದರೆ ಪರವಾಗಿಲ್ಲ ಎಂದು ಬಿಟ್ಟೆವೆನ್ನೋಣ. ಬಾಗಿಲು ತೆರೆಯಬೇಕಾದ ಬೀಗದ ಕೈ ಚಿತ್ರದಿಂದ ಮಾಯವಾಗಿದೆ. ಅದು ಆವರಿಸಿದ್ದ ಜಾಗ 20ಕ್ಕೆ 20, ಬರೀ 400 ಬಿಂದು. ಸಾವಿರಕ್ಕೆ ಒಂದರ ಲೆಕ್ಕದಲ್ಲಿ 2,073 ಬಿಂದುಗಳವರೆಗೆ ಮಾಫಿ! ಗಣಕ 'ಸರಿಯಿದೆ' ಎನ್ನುತ್ತದೆ, ಆಟಗಾರ ಮಾತ್ರ ಬಾಗಿಲ ಮುಂದೆ ನಿಂತೇ ಇರುತ್ತಾನೆ. ಪರಿಹಾರವೆಂದರೆ ಚಿತ್ರವನ್ನು ಚೌಕಗಳಾಗಿ ಕತ್ತರಿಸಿ ಬೇರೆ ಬೇರೆಯಾಗಿ ನೋಡುವುದು. 120ಕ್ಕೆ 120ರ ಚೌಕಗಳಾದರೆ ಒಟ್ಟು 144. ಒಂದು ಚೌಕದ 14,400 ಬಿಂದುಗಳಲ್ಲಿ 400 ಬದಲಾದರೆ ಸಾವಿರಕ್ಕೆ ಸುಮಾರು 28 ಆಯಿತು. ತಪ್ಪು ಸಿಕ್ಕಿಬಿತ್ತು.

ಹಾಗಾದರೆ ಮನುಷ್ಯನಿಗೆ ಕೆಲಸವಿಲ್ಲವೇ? ಇದೆ, ಅದೂ ಮುಖ್ಯವಾದದ್ದೇ. ಗಣಕ ಹೇಳುವುದು 'ಬದಲಾಗಿದೆ' ಎಂದಷ್ಟೇ, 'ಕೆಟ್ಟಿದೆ' ಎಂದಲ್ಲ. ಕಲಾವಿದರು ಬೇಕೆಂದೇ ಗೋಡೆಯ ಬಣ್ಣ ಬದಲಿಸಿದರೂ ಅದು ದೂರು ಕೊಡುತ್ತದೆ. ಆಗ ಒಬ್ಬರು ನೋಡಿ, ಹೊಸ ಚಿತ್ರವನ್ನೇ ಮಾದರಿಯಾಗಿ ಒಪ್ಪಬೇಕು. ಅಪಾಯ ಇರುವುದು ಇಲ್ಲಿಯೇ. ಸಂಜೆಯ ಅವಸರದಲ್ಲಿ ನೋಡದೆ ಒಪ್ಪಿಗೆ ಒತ್ತಿದರೆ ತಪ್ಪೇ ಮಾದರಿಯಾಗುತ್ತದೆ. ಮರುದಿನದಿಂದ ಗಣಕ ಆ ತಪ್ಪನ್ನೇ ನಿಷ್ಠೆಯಿಂದ ಕಾಯುತ್ತದೆ, ಯಾರಾದರೂ ಸರಿಪಡಿಸಿದರೆ ಅದನ್ನೇ ತಪ್ಪೆನ್ನುತ್ತದೆ!

ಚಿತ್ರಕ್ಕೆ ಸಿಗದ ದೋಷಗಳೂ ಇವೆ. ನೆಲ ಕಣ್ಣಿಗೆ ಗಟ್ಟಿಯಾಗಿಯೇ ಕಂಡೀತು, ಕಾಲಿಟ್ಟವನು ಒಳಗೆ ಬಿದ್ದಾನು. ಸದ್ದು ಕೇಳದಿದ್ದರೂ ಚಿತ್ರ ಹಾಗೆಯೇ ಇರುತ್ತದೆ. ಇವಕ್ಕೆ ಬೇರೆ ಪರೀಕ್ಷೆಗಳು ಬೇಕು.

ಆಸಕ್ತಿಯಿದ್ದರೆ ನೀವೂ ಒಂದು ಪ್ರಯೋಗ ಮಾಡಿ. ತರಗತಿಯ ಒಂದೇ ಬೆಂಚಿನ ಮೇಲೆ ಮೊಬೈಲನ್ನು ಅಲುಗದಂತೆ ಇಟ್ಟು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಚಿತ್ರ ತೆಗೆಯಿರಿ. ನಡುವೆ ಗೆಳೆಯನೊಬ್ಬ ಒಂದೇ ಒಂದು ವಸ್ತುವನ್ನು ಸರಿಸಿರಲಿ. ಬಿಸಿಲು, ನೆರಳು, ಫ್ಯಾನು, ಕಿಟಕಿ ಎಲ್ಲವೂ ಬದಲಾಗಿರುತ್ತವೆ. ಅವುಗಳ ನಡುವೆ ನಿಜವಾಗಿ ಸರಿಸಿದ ವಸ್ತು ಯಾವುದೆಂದು ಹುಡುಕಿ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ಪ್ರಶ್ನೆ ಎಷ್ಟು ಕಠಿಣವೆಂದು ಆಗ ನಿಮಗೇ ತಿಳಿಯುತ್ತದೆ.