ಹಲ್ಲನ್ನು ಶುಚಿಮಾಡುವ ಉದ್ಯೋಗ

ಬೇವಿನ ಕಡ್ಡಿಯಿಂದ ಹಲ್ಲುಜ್ಜಿ ಬಾಯಿಯನ್ನು ಶುದ್ಧವಾಗಿಟ್ಟುಕೊಳ್ಳುವುದು ನಮ್ಮ ಹಿರಿಯರ ನಿತ್ಯಕರ್ಮವಾಗಿದ್ದಿತು. ಆದರೆ ಪರರ ಹಲ್ಲನ್ನು ಶುಚಿಮಾಡುವುದೇ ಒಂದು ಗೌರವದ ಉದ್ಯೋಗವೆಂಬುದು ನಮ್ಮ ಗೃಹಸ್ಥರಲ್ಲಿ ಅನೇಕರಿಗೆ ಹೊಸ ಸಂಗತಿ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ 1986ರಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾದಂದಿನಿಂದ ಈ ಸೀಮೆಯವರಿಗೆ ಆಸ್ಪತ್ರೆಯ ಕೆಲಸಗಳು ಕಣ್ಣೆದುರಿನವಾಗಿವೆ. ವೈದ್ಯರನ್ನೂ ದಾದಿಯರನ್ನೂ ಎಲ್ಲರೂ ಬಲ್ಲರು. ಡೆಂಟಲ್ ಹೈಜೀನಿಸ್ಟ್ ಎಂಬವರನ್ನು ಬಲ್ಲವರು ವಿರಳ.

ಈ ಉದ್ಯೋಗವು ಹುಟ್ಟಿದುದು ಅಮೆರಿಕದಲ್ಲಿ. ಬ್ರಿಜ್‌ಪೋರ್ಟ್ ನಗರದ ದಂತವೈದ್ಯ ಆಲ್‌ಫ್ರೆಡ್ ಫೋನ್ಸ್ ಎಂಬವರು 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಈ ವಿದ್ಯೆಯನ್ನು ಕಲಿಸಿ, 1913ರಲ್ಲಿ ಇದಕ್ಕೆಂದೇ ಒಂದು ಶಾಲೆಯನ್ನು ತೆರೆದರು. ನಮ್ಮ ದೇಶದಲ್ಲಿ 1948ರ ದಂತವೈದ್ಯರ ಕಾಯಿದೆಯು ಈ ಉದ್ಯೋಗಿಗಳಿಗೆ ಸ್ಥಾನವನ್ನು ಕೊಟ್ಟಿತು. ಹಲ್ಲಿನ ಬುಡದಲ್ಲಿ ಗಟ್ಟಿಕಟ್ಟಿದ ಪಾಚಿಯನ್ನು ತೆಗೆಯುವುದು, ಹಲ್ಲಿಗೆ ಮೆರುಗು ಕೊಡುವುದು, ದಂತರಕ್ಷಣೆಯ ಕ್ರಮವನ್ನು ಜನರಿಗೆ ಬೋಧಿಸುವುದು, ಇವೇ ಅವರ ಕೆಲಸ. ಹಲ್ಲು ಕೀಳುವುದೂ ರೋಗ ನಿರ್ಣಯಿಸುವುದೂ ದಂತವೈದ್ಯರಿಗೆ ಸೇರಿದುವು.

ಹೀಗೆ ಶುಚಿಮಾಡಿಸಿದರೆ ಹಲ್ಲು ಸಡಿಲವಾಗುವುದೆಂಬ ಭಯವು ನಮ್ಮಲ್ಲಿ ಬಲವಾಗಿದೆ. ಇದು ತಪ್ಪು. ಪಾಚಿಯಿಂದ ವಸಡು ಬಾತು, ಎಲುಬು ಸವೆದು, ಹಲ್ಲು ಮೊದಲೇ ಸಡಿಲವಾಗಿರುತ್ತದೆ; ಆಸರೆಯಂತೆ ನಿಂತಿದ್ದ ಪಾಚಿಯು ಹೋದಾಗ ಆ ಸಡಿಲವು ಹೊರಬೀಳುತ್ತದೆ, ಅಷ್ಟೆ. ಎಲೆ, ಅಡಿಕೆ, ಹೊಗೆಸೊಪ್ಪುಗಳ ಬಳಕೆಯಿರುವ ಹಳ್ಳಿಗಳಲ್ಲಿ ಇದನ್ನು ತಿಳಿಯಹೇಳುವವರ ಅಗತ್ಯವು ಬಹಳವಾಗಿದೆ.

ಶಿಕ್ಷಣವು ದೀರ್ಘವಲ್ಲ. ವಿಜ್ಞಾನವನ್ನು ಓದಿ ಪಿ.ಯು.ಸಿ. ಮುಗಿಸಿದವರಿಗೆ ಎರಡು ವರ್ಷದ ಡಿಪ್ಲೊಮಾ. ಅನಂತರ ರಾಜ್ಯದ ದಂತವೈದ್ಯ ಮಂಡಲಿಯಲ್ಲಿ ಹೆಸರನ್ನು ನೋಂದಾಯಿಸಬೇಕು.

ಸಂಬಳದ ವಿಷಯವನ್ನು ಮಾತ್ರ ಚೆನ್ನಾಗಿ ವಿಚಾರಿಸತಕ್ಕದ್ದು. ಅಮೆರಿಕದಲ್ಲಿ 2023ರಲ್ಲಿ ಇವರ ಮಧ್ಯಮ ವಾರ್ಷಿಕ ವೇತನವು 87,530 ಡಾಲರುಗಳಾಗಿದ್ದಿತು. ಈ ಅಂಕಿಯನ್ನು ಕಂಡು ಹಿಗ್ಗಬಾರದು. ಅಲ್ಲಿ ಕೆಲಸಮಾಡಲು ಅಲ್ಲಿಯ ಪರವಾನಗಿಯೇ ಬೇಕು. ನಮ್ಮಲ್ಲಿ ರೈಲ್ವೆ ಇಲಾಖೆಯು 2019ರಲ್ಲಿ ಈ ಹುದ್ದೆಗೆ ಗೊತ್ತುಮಾಡಿದ ಆರಂಭದ ಮೂಲವೇತನವು ತಿಂಗಳಿಗೆ 35,400 ರೂಪಾಯಿ. ಅದಕ್ಕೆ ಡಿಪ್ಲೊಮಾ ಒಂದೇ ಸಾಲದೆ, ಜೀವಶಾಸ್ತ್ರದ ಪದವಿಯೂ ಎರಡು ವರ್ಷದ ಅನುಭವವೂ ಬೇಕಾಗಿದ್ದುವು. ಇಡೀ ದೇಶಕ್ಕೆ ಹುದ್ದೆಗಳೋ ಬೆರಳೆಣಿಕೆಯಷ್ಟು. ಖಾಸಗಿ ಚಿಕಿತ್ಸಾಲಯಗಳಲ್ಲಿ ಸಾಮಾನ್ಯವಾಗಿ ದಂತವೈದ್ಯರೇ ಈ ಕೆಲಸವನ್ನು ಮಾಡಿಕೊಳ್ಳುವುದರಿಂದ ಪ್ರತ್ಯೇಕವಾಗಿ ಸಂಬಳಕೊಟ್ಟು ಇನ್ನೊಬ್ಬರನ್ನು ಇಟ್ಟುಕೊಳ್ಳುವವರು ಕಡಿಮೆ.

ಆದುದರಿಂದ ಮಗಳನ್ನೋ ಮಗನನ್ನೋ ಈ ಓದಿಗೆ ಸೇರಿಸಬೇಕೆಂದಿರುವ ತಂದೆತಾಯಿಗಳು, ಜಮೀನಿನ ಮೇಲೆ ಸಾಲ ಎತ್ತುವುದಕ್ಕೆ ಮುಂಚೆ ಎರಡು ಪ್ರಶ್ನೆಗಳನ್ನು ಕೇಳಲಿ: ಆ ವಿದ್ಯಾಲಯದ ಈ ಶಿಕ್ಷಣಕ್ಕೆ ಮನ್ನಣೆಯುಂಟೇ? ಅಲ್ಲಿ ಹಿಂದೆ ಕಲಿತವರು ಈಗ ಎಲ್ಲಿ, ಎಷ್ಟು ಸಂಬಳಕ್ಕೆ ಇದ್ದಾರೆ? ಸಾಧ್ಯವಿದ್ದರೆ ಜೊತೆಗೆ ಪದವಿಯನ್ನೂ ಪಡೆಯುವುದು ಲೇಸು. ವಿದ್ಯೆಯು ಒಳ್ಳೆಯದೇ, ಅದು ಅನ್ನಕ್ಕೂ ದಾರಿಯಾಗುವಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.