ಪಿಯಾನೊ ಬಸ್ಸು ಹತ್ತುವುದಿಲ್ಲ

ರೂಪನಗುಡಿಯಿಂದ ಬಳ್ಳಾರಿಗೆ ಬಸ್ಸು, ಬಳ್ಳಾರಿಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಬೆಳಗಾದರೆ ಬೆಂಗಳೂರು. ಗಿಟಾರ್ ಆದರೆ ಈ ದಾರಿಯನ್ನೆಲ್ಲ ಹೆಗಲಿಗೆ ಜೋತುಬಿದ್ದೇ ಬಂದುಬಿಡುತ್ತದೆ. ಪಿಯಾನೊ ಹಾಗೆ ಬರುವಂಥದ್ದಲ್ಲ. ಗೋಡೆಗೆ ಒರಗಿಸಿಡುವ ಸಣ್ಣ ಪಿಯಾನೊವೇ ಸುಮಾರು ಇನ್ನೂರು ಕಿಲೋ ತೂಗುತ್ತದೆ. ಅದು ಎಲ್ಲಿದೆಯೋ ಅಲ್ಲಿಗೆ ನಾವೇ ಹೋಗಬೇಕು. ನಾನು ಹೋದದ್ದು ಆರ್.ಟಿ. ನಗರದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ಗೆ. ಅಲ್ಲಿನ ವಿದ್ಯಾರ್ಥಿಗಳ ಕಛೇರಿಯಲ್ಲಿ ಅಕ್ಕನ ಮಗಳು ಪಿಯಾನೊ ನುಡಿಸುವವಳಿದ್ದಳು.

ಅರುಣಾ ಸುಂದರ್‌ಲಾಲ್ 1987ರಲ್ಲಿ ಕಟ್ಟಿದ ಶಾಲೆ ಇದು. ಅದಕ್ಕೂ ಮೊದಲು ಪಾಶ್ಚಾತ್ಯ ಸಂಗೀತ ಕಲಿಯಬೇಕೆಂದರೆ ಚರ್ಚಿನ ನಂಟು ಇರಬೇಕಿತ್ತು, ಇಲ್ಲವೇ ದಂಡಿನ ಪ್ರದೇಶದಲ್ಲಿ ಮನೆಪಾಠ ಹೇಳುವ ಟೀಚರಮ್ಮ ಸಿಗಬೇಕಿತ್ತು. ಆ ಕಾಲದ ಊರಿಗೆ ಎಲ್ಲರೂ ಬರಬಹುದಾದ ಬಾಗಿಲೊಂದು ತೆರೆಯಿತು. ಪಿಯಾನೊ, ಗಿಟಾರ್, ಪಿಟೀಲು, ಹಾಡುಗಾರಿಕೆ ಎಲ್ಲಕ್ಕೂ ಇಲ್ಲಿ ಪಾಠವಿದೆ. ವಿದ್ಯಾರ್ಥಿಗಳು ಲಂಡನ್ನಿನ ಟ್ರಿನಿಟಿಯ ಗ್ರೇಡ್ ಪರೀಕ್ಷೆಗಳಿಗೆ ಕೂರುತ್ತಾರೆ. ಪರೀಕ್ಷೆಯಲ್ಲಿ ಕೇಳುವವರು ಒಬ್ಬರೇ. ವಿದ್ಯಾರ್ಥಿಗಳ ಕಛೇರಿಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯವರು ಎಲ್ಲರೂ ಎದುರಿಗೆ ಕೂತಿರುತ್ತಾರೆ. ಮಕ್ಕಳು ಯಾವುದಕ್ಕೆ ಹೆಚ್ಚು ಹೆದರುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಬಳ್ಳಾರಿ ಸೀಮೆಯವರಿಗೆ ಮನೆ, ಅಂದರೆ ಕೀ, ಒತ್ತಿ ನುಡಿಸುವ ವಾದ್ಯ ಹೊಸದೇನಲ್ಲ. ಕಂಪನಿ ನಾಟಕಗಳನ್ನು ನೋಡಿದವರಿಗೆ ರಂಗದ ಮುಂದೆ ಕೂತು ಕಾಲಲ್ಲಿ ತುಳಿಯುತ್ತಾ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರರ ನೆನಪಿದ್ದೇ ಇರುತ್ತದೆ. ನಾನು ಪಿಯಾನೊ ಮೊದಲು ಕಂಡಾಗ ಇದು ಅದರ ದೊಡ್ಡಪ್ಪನಿರಬೇಕು ಅಂದುಕೊಂಡಿದ್ದೆ. ತಪ್ಪು. ಹಾರ್ಮೋನಿಯಂ ಗಾಳಿಯ ವಾದ್ಯ. ಅಲ್ಲಿ ತಿದಿಯದೇ ಕಾರುಬಾರು, ಮನೆಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ನಾದ ಅಷ್ಟೇ. ಪಿಯಾನೊದ ಒಳಗಿರುವುದು ತಂತಿ, ಸುಮಾರು 230. ಮನೆಗಳು 88, ಅದರಲ್ಲಿ ಬಿಳಿ 52, ಕಪ್ಪು 36. ಮನೆ ಒತ್ತಿದರೆ ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಬಡಿದು ಹಿಂದೆ ಬರುತ್ತದೆ. ಬೆರಳು ಎಷ್ಟು ಬಿರುಸಾಗಿ ಇಳಿಯಿತೋ ಸ್ವರ ಅಷ್ಟು ಜೋರು. ನಂಟು ಹುಡುಕಲೇಬೇಕೆಂದರೆ ಇದು ಕೋಲಿನಿಂದ ನುಡಿಸುವ ಸಂತೂರಿನ ಕಡೆಯದು.

ಹಾಗಾಗಿಯೇ ಒಂದು ತೊಡಕು. ಹೆಚ್ಚಿನ ಮಕ್ಕಳ ಮನೆಯಲ್ಲಿರುವುದು ವಿದ್ಯುತ್ ಕೀಬೋರ್ಡು. ಬೆಲೆ, ಜಾಗ ಎರಡೂ ಕಡಿಮೆ. ಅದರಲ್ಲಿ ಪಳಗಿದ ಬೆರಳು ಅಸಲಿ ಪಿಯಾನೊದ ಎದುರು ಬಂದಾಗ ತಬ್ಬಿಬ್ಬಾಗುತ್ತದೆ. "ಮಾಮ, ಮನೆ ಎಷ್ಟು ಗಟ್ಟಿ ಇದಾವೆ ಗೊತ್ತಾ?" ಎಂದು ನಮ್ಮ ಹುಡುಗಿ ಕೈ ಉಜ್ಜಿಕೊಂಡಳು.

ಸೋಲೊ, ಅಂದರೆ ಒಬ್ಬರೇ ಕೂತು ನುಡಿಸುವುದು, ನಮ್ಮ ಕಛೇರಿಯ ಅಭ್ಯಾಸದವರಿಗೆ ಸ್ವಲ್ಪ ಕ್ರೂರವಾಗಿ ಕಾಣಬಹುದು. ಪಿಟೀಲಿಲ್ಲ, ಮೃದಂಗವಿಲ್ಲ, ಆಸರೆಗೆ ತಂಬೂರಿಯ ಶ್ರುತಿಯೂ ಇಲ್ಲ. ತಪ್ಪಿದರೆ ಮುಚ್ಚಿಹಾಕುವವರು ಯಾರೂ ಇಲ್ಲ. ಪಿಯಾನೊ ಕಲಿಯುವ ಮಕ್ಕಳಿಗೆ ಬೇಗ ಎದುರಾಗುವ ಕೃತಿಗಳಲ್ಲೊಂದು ಜಿ ಮೇಜರ್ ಮಿನುಯೆಟ್. ಜರ್ಮನ್ ಸಂಗೀತಗಾರ ಬಾಕ್ ತನ್ನ ಹೆಂಡತಿ ಆನಾ ಮಾಗ್ದಲೇನಾಗೆಂದು 1725ರಲ್ಲಿ ಕೊಟ್ಟ ಪುಸ್ತಕದಲ್ಲಿ ಅದು ಇದೆ. ತಲೆಮಾರುಗಳ ಕಾಲ ಬಾಕ್ ಹೆಸರಲ್ಲೇ ನುಡಿಸಿದರು. ಆಮೇಲೆ ನೋಡಿದರೆ ಅದು ಕ್ರಿಸ್ಟಿಯನ್ ಪೆಟ್ಸೋಲ್ಡ್ ಎಂಬವನದು. ನಮ್ಮಲ್ಲಿ ಅಂಕಿತ ಬದಲಾದ ದೇವರನಾಮಗಳ ಕಥೆಯೂ ಇಂಥದ್ದೇ. ಗಿಟಾರಿನ ಹುಡುಗರು ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾನ ಪುಟ್ಟ ಕೃತಿಗಳಿಗೆ ಕೈ ಹಾಕುತ್ತಾರೆ. ಎಡಗಾಲಡಿ ಸಣ್ಣ ಮಣೆ, ನೈಲಾನ್ ತಂತಿ, ಬಲಗೈಯಲ್ಲಿ ಬೆಳೆಸಿದ ಉಗುರು. ಪಿಯಾನೊದ ಮುಂದೆ ಅದರ ದನಿ ತೀರ ಸಣ್ಣದು. ಪಿಯಾನೊ ಮುಗಿದ ಮೇಲೆ ಗಿಟಾರ್ ಶುರುವಾದರೆ ಕುರ್ಚಿಯ ಕಿರಗುಟ್ಟುವಿಕೆಯೂ ಅಪರಾಧವಾಗುತ್ತದೆ.

ಈ ನಾಡಿನಲ್ಲಿ ಪಿಯಾನೊ ಎಂದರೆ ಮೈಸೂರನ್ನು ಬಿಟ್ಟು ಮಾತಾಡುವಂತಿಲ್ಲ. 1919ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರಿಗೆ ಕಛೇರಿ ಕೊಡುವ ಪಿಯಾನೊ ವಾದಕನಾಗುವ ಆಸೆಯಿತ್ತು. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ಇಪ್ಪತ್ತೊಂದರ ಹುಡುಗ ಸಿಂಹಾಸನ ಏರಬೇಕಾಯಿತು. ಆದರೂ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪಡೆದರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟು, ಮೆಟ್ನರ್ ಸೊಸೈಟಿ ಕಟ್ಟಿದರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾಂಚೆರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ಅವನು ತೀರಿಕೊಂಡ. ಅವನ ನಾದ ಅವನ ಬೆರಳಿನದೇ ಆಗಿ ಇವತ್ತಿಗೂ ಉಳಿದಿದ್ದರೆ ಅದರಲ್ಲಿ ಮೈಸೂರಿನ ಬೊಕ್ಕಸದ ಪಾಲಿದೆ. ಇಷ್ಟಾಗಿ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ಎರಡು ಸಂಗೀತ ಒಂದೇ ತಲೆಯಲ್ಲಿ ಜಗಳವಾಡುತ್ತವೆ ಎನ್ನುವವರು ಅವರನ್ನು ಕೇಳಿಸಿಕೊಂಡಿಲ್ಲ ಅಷ್ಟೇ.

ಇತ್ತ ಕಛೇರಿಯಲ್ಲಿ ನಮ್ಮ ಹುಡುಗಿ ಆ ಮಿನುಯೆಟ್ಟಿನ ಎರಡನೇ ಸಾಲಿನಲ್ಲಿ ಒಂದು ಮನೆ ತಪ್ಪಿದಳು. ನಿಲ್ಲಲಿಲ್ಲ. ತಪ್ಪಿದ್ದು ನನಗೆ ಗೊತ್ತಾದದ್ದೂ ಅಕ್ಕ ಉಸಿರು ಬಿಗಿಹಿಡಿದಿದ್ದರಿಂದ. ಮುಗಿಸಿ ಎದ್ದು ಬಗ್ಗಿ ನಮಸ್ಕಾರ ಮಾಡಿದಾಗ ಚಪ್ಪಾಳೆ ಬಿತ್ತು. ಬಾಕ್‌ಗೆ ಬಿದ್ದಷ್ಟೇ ಪೆಟ್ಸೋಲ್ಡ್‌ಗೂ ಬಿದ್ದಿತು ಎಂದುಕೊಂಡೆ.

ಹೊರಗೆ ಗಿಟಾರಿನ ಹುಡುಗನೊಬ್ಬ ವಾದ್ಯವನ್ನು ಚೀಲಕ್ಕೆ ಸೇರಿಸಿ, ಆಟೊದಲ್ಲಿ ಅಮ್ಮನ ಪಕ್ಕ ಕೂತು, ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡ. ಒಳಗೆ ಪಿಯಾನೊಗೆ ಬಟ್ಟೆ ಹೊದಿಸುತ್ತಿದ್ದರು. ನಾವು ರಾತ್ರಿ ರೈಲಿಗೆ ಹೊರಟೆವು.